ಮೂರು ಮಡಿಕೆಯ ಮಾತು

ಲಾಂಡ್ರಿಯ ಸೋಪಿನ ತೊಟ್ಟಿ ಉಕ್ಕಿ ಹರಿದ ದಿನ ಅದನ್ನು ಮೊದಲು ಕಂಡವರು ಪೀಠಿಕೆಯವರು. ಕಂಡ ಕೂಡಲೇ ಮಾಲೀಕರ ಕೋಣೆಗೆ ಓಡಿದವರೂ ಅವರೇ. ಅಲ್ಲಿಯವರೆಗಿನ ಅವರ ನಡವಳಿಕೆಯಲ್ಲಿ ಯಾರೂ ತಪ್ಪು ಹುಡುಕುವಂತಿರಲಿಲ್ಲ. ತೊಂದರೆ ಶುರುವಾದದ್ದು ಅವರು ಬಾಯಿ ತೆರೆದ ಮೇಲೆ.

"ಮೇಡಂ, ಒಂದು ವಿಷಯ ಹೇಳ್ಬೇಕಿತ್ತು. ಈಗ ಹೇಳಬಹುದೋ ಇಲ್ವೋ ಗೊತ್ತಿಲ್ಲ. ನೀವೇನೋ ಬರೀತಿದ್ದೀರಿ."

"ಪರವಾಗಿಲ್ಲ, ಹೇಳಿ."

"ತೊಟ್ಟಿ ವಿಷಯ. ಆ ತೊಟ್ಟಿ ತಂದಾಗ ನಿಮ್ಮ ತಂದೆಯವರಿದ್ರು. ಅವತ್ತೇ ನಾನು ಅಂದಿದ್ದೆ, ಇದರ ಕೊಳಾಯಿ ಅಷ್ಟು ಬಿಗಿಯಾಗಿಲ್ಲ ಅಂತ. ಅವರು ನಕ್ಕುಬಿಟ್ರು. ಬಹಳ ದೊಡ್ಡ ಮನುಷ್ಯರು. ಒಂದ್ಸಲ ಏನಾಯ್ತು ಅಂದ್ರೆ..."

ದೊಡ್ಡ ಮನುಷ್ಯರ ದೊಡ್ಡತನವನ್ನು ವಿವರಿಸಿ ಅವರು ಮತ್ತೆ ಕೊಳಾಯಿಗೆ ಮರಳುವಷ್ಟರಲ್ಲಿ ನೊರೆ ಹೊಸ್ತಿಲು ದಾಟಿ, ಮೇಜಿನ ಕೆಳಗೆ ನುಗ್ಗಿ, ಮೇಡಂ ಅವರ ಚಪ್ಪಲಿಯನ್ನು ಮುಚ್ಚಿತು. ಉಳಿದ ವಿಷಯವನ್ನು ನೊರೆಯೇ ಹೇಳಿತು.

ಪೀಠಿಕೆ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಹೋಟೆಲುಗಳಿಗೂ ಒಂದು ದೊಡ್ಡ ಆಸ್ಪತ್ರೆಗೂ ಬಟ್ಟೆ ಒಗೆದುಕೊಡುವ ಆ ಲಾಂಡ್ರಿಯಲ್ಲಿ ಅವರು ರವಾನೆ ವಿಭಾಗದ ಮೇಲ್ವಿಚಾರಕರು. ಹೆಸರು ಕೆಲಸಗಾರರ ಕೊಡುಗೆ. ಅದು ತಮಗೆ ಗೊತ್ತಿಲ್ಲವೆಂದು ಅವರೇನೂ ನಟಿಸುತ್ತಿರಲಿಲ್ಲ. "ಹುಟ್ಟೋವಾಗಲೂ ನಾನು ತಡ ಮಾಡಿದ್ನಂತೆ" ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಿದ್ದರು. ಆದರೆ ಆ ಗೇಲಿಗೂ ಒಂದು ಮುನ್ನುಡಿ ಇರುತ್ತಿದ್ದುದರಿಂದ, ನಗಬೇಕಾದ ಜಾಗ ಬರುವ ಹೊತ್ತಿಗೆ ನಗುವವರು ಎದ್ದುಹೋಗಿರುತ್ತಿದ್ದರು.

ಮೇಡಂ ಒದ್ದೆ ಚಪ್ಪಲಿಯನ್ನು ಕಿಟಕಿಯಲ್ಲಿ ಒಣಗಲಿಟ್ಟು, ಅದೇ ವಾರ ಪೀಠಿಕೆಯವರನ್ನು ಪರಿಣಾಮಕಾರಿ ವ್ಯವಹಾರ ಸಂವಹನದ ಒಂದು ದಿನದ ಶಿಬಿರಕ್ಕೆ ಕಳಿಸಿದರು.

ಶಿಬಿರ ನಡೆದದ್ದು ಅವರದೇ ಲಾಂಡ್ರಿ ಬಟ್ಟೆ ಒಗೆಯುವ ಹೋಟೆಲಿನ ಸಭಾಂಗಣದಲ್ಲಿ. ತಮ್ಮ ಮುಂದಿನ ಮೇಜುಹಾಸಿನಲ್ಲಿ ಬಿಡದೆ ಉಳಿದ ಒಂದು ಕಲೆ ಕಂಡು, ಅದರ ಮೇಲೆ ಮೊಣಕೈ ಊರಿ ಮುಚ್ಚಿಕೊಂಡು ಕೂರುವುದರಲ್ಲೇ ಪೀಠಿಕೆಯವರ ಮೊದಲ ಅವಧಿ ಕಳೆಯಿತು. ಕೆನ್ನೆಗೆ ಮೈಕು ಅಂಟಿಸಿಕೊಂಡಿದ್ದ ತರುಣ ತರಬೇತುದಾರ ವೇದಿಕೆಯ ಮೇಲೆ ಆ ಕಡೆಯಿಂದ ಈ ಕಡೆಗೆ ಓಡಾಡುತ್ತ ಒಂದೊಂದೇ ಸೂತ್ರ ಹೇಳಿದ. ನೇರವಾಗಿ ವಿಷಯಕ್ಕೆ ಬನ್ನಿ. ತಪ್ಪನ್ನು ಹೇಳಿ, ತಪ್ಪು ಮಾಡಿದವರತ್ತ ಬೆರಳು ತೋರಿಸಬೇಡಿ. ನೀವು ಹೇಳಿದ್ದನ್ನು ಕೇಳಿದವರ ಬಾಯಿಂದ ಮತ್ತೆ ಹೇಳಿಸಿ. ಆಮೇಲೆ ಅವನು ಮೇಜಿನ ಮೇಲಿದ್ದ ಕೈವಸ್ತ್ರ ಎತ್ತಿಕೊಂಡು ಮೂರು ಮಡಿಕೆ ಮಾಡಿದ.

"ಕಹಿ ವಿಷಯ ಹೇಳೋದಿದ್ರೆ ಹೀಗೆ. ಮೇಲಿನ ಮಡಿಕೆ ಮೆಚ್ಚುಗೆ. ಕೆಳಗಿನ ಮಡಿಕೆ ಮೆಚ್ಚುಗೆ. ಹೇಳಬೇಕಾದ ವಿಷಯ ಒಳಮಡಿಕೆಯಲ್ಲಿ. ಕೇಳಿದವರಿಗೆ ನೋವಾಗಬಾರದು."

ಪೀಠಿಕೆಯವರ ಮೈ ಜುಮ್ಮೆಂದಿತು. ವರ್ಷಗಟ್ಟಲೆ ಊರೆಲ್ಲ ನಕ್ಕ ತಮ್ಮ ರೋಗಕ್ಕೆ ವಿದ್ಯಾವಂತರು ವಿಧಾನ ಎಂದು ಹೆಸರಿಟ್ಟಿದ್ದರು. ನೇರವಾಗಿ ವಿಷಯಕ್ಕೆ ಬರಬೇಕೆಂಬ ಮೊದಲ ಸೂತ್ರ ಮಾತು ಬಾರದವರಿಗಾಗಿ ಇರುವುದೆಂದು ತೀರ್ಮಾನಿಸಿ, ಅದನ್ನು ಅಲ್ಲೇ ಬಿಟ್ಟು, ಉಳಿದವನ್ನು ಮನೆಗೆ ತಂದರು.

ಜೊತೆಗೆ ಒಂದು ಪ್ರಮಾಣಪತ್ರವೂ ಬಂತು. ಮುಂದಿನ ಕೋಣೆಯಲ್ಲಿ ಒಂದೇ ಮೊಳೆಯಿದ್ದು, ಅದರಲ್ಲಿ ಮದುವೆಯ ಫೋಟೋ ತೂಗುತ್ತಿತ್ತು. ಮಾರನೆಯ ದಿನ ಫೋಟೋ ಕಪಾಟಿನ ಮೇಲೇರಿತು, ಕಟ್ಟು ಹಾಕಿಸಿದ ಪ್ರಮಾಣಪತ್ರ ಮೊಳೆಗೆ ಬಂತು. ಹೊಲಿಗೆಯಂತ್ರದ ಮುಂದೆ ಯಾರದೋ ಪ್ಯಾಂಟು ಗಿಡ್ಡ ಮಾಡುತ್ತಿದ್ದ ಹೆಂಡತಿ ತಲೆಯೆತ್ತಿ ನೋಡಿ, ಮತ್ತೆ ಚಕ್ರ ತಿರುಗಿಸಿದರು.

ರಾತ್ರಿಯ ಊಟಕ್ಕೆ ಮೊದಲ ಪ್ರಯೋಗ.

"ನೀನು ಬಡಿಸೋ ರೀತಿ ಇದೆಯಲ್ಲ, ಅದನ್ನ ನೋಡಿದ್ರೇ ಹೊಟ್ಟೆ ತುಂಬುತ್ತೆ. ಉಪ್ಪು ಒಂದು ಕೈ ಮುಂದೆ ಹೋದ ಹಾಗಿದೆ. ಆದ್ರೆ ಈ ತಟ್ಟೆ ಎಷ್ಟು ಚೆನ್ನಾಗಿ ಬೆಳಗಿದ್ದೀಯ."

"ಉಪ್ಪು ಜಾಸ್ತಿ ಆಗಿದೆ ಅನ್ನಿ, ಸಾಕು" ಎಂದರು ಹೆಂಡತಿ. "ತಟ್ಟೆ ಬೆಳಗಿದ್ದು ನೀವೇ."

ಒಳಮಡಿಕೆಯನ್ನು ನೇರವಾಗಿ ಎಳೆದು ತೆಗೆಯುವ ಇಂಥ ಕೇಳುಗರ ಬಗ್ಗೆ ಶಿಬಿರದಲ್ಲಿ ಏನೂ ಹೇಳಿರಲಿಲ್ಲ.

ನಿಜವಾದ ಪರೀಕ್ಷೆ ಮುಂದಿನ ಸೋಮವಾರ ಎದುರಾಯಿತು. ಅಂದು ಬೆಳಗ್ಗೆ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ನಿಂತ ಡಾಕ್ಟರು ಕೈ ತೊಳೆದುಕೊಂಡು ಬಂದು ನಿಲುವಂಗಿಗೆ ತೋಳು ಚಾಚಿದಾಗ, ದಾದಿ ಬಿಡಿಸಿ ಹಿಡಿದದ್ದು ಹೂವಿನ ಅಂಚಿನ ಮೇಜುಹಾಸು. ಅದೇ ಹೊತ್ತಿಗೆ ಹೋಟೆಲಿನಲ್ಲಿ ಒಬ್ಬ ಮಾಣಿ, ಬಂದಿರುವುದು ಹೊಸ ಸಮವಸ್ತ್ರವೆಂದು ತಿಳಿದು ಶಸ್ತ್ರಚಿಕಿತ್ಸೆಯ ಹಸಿರು ನಿಲುವಂಗಿ ತೊಟ್ಟು, ಹಿಂದೆ ದಾರ ಕಟ್ಟಿಸಿಕೊಂಡು, ಚಾಕು ಮತ್ತು ಮುಳ್ಳುಚಮಚ ಹಿಡಿದು ಗಿರಾಕಿಗಳ ಮುಂದೆ ನಿಂತ. ಒಬ್ಬರು ತಿಂಡಿ ಬಿಟ್ಟು ಎದ್ದುಹೋದರು.

ಇಂಥ ಅದಲುಬದಲು ಇದೇ ಮೊದಲಲ್ಲ. ಆಸ್ಪತ್ರೆಯ ಉಗ್ರಾಣಾಧಿಕಾರಿ ಫೋನಿನಲ್ಲಿ ಆಡಿದ ಮಾತು ಮೇಡಂ ಕಿವಿ ದಾಟಿ ಇಸ್ತ್ರಿ ವಿಭಾಗದವರೆಗೂ ಕೇಳಿಸಿತು. ಫೋನಿಟ್ಟ ಮೇಡಂ ಪೀಠಿಕೆಯವರನ್ನು ಕರೆಸಿದರು.

"ನಿಮ್ಮ ಭಾವಮೈದನಿಗೆ ಹೇಳಿಬಿಡಿ. ಇನ್ನೊಂದು ಸಲ ಹೀಗಾದ್ರೆ ಅವನು ಕೆಲಸಕ್ಕೆ ಬರೋದು ಬೇಡ. ನಾನೇ ಹೇಳಬಹುದು. ಆದ್ರೆ ಅವನನ್ನ ಸೇರಿಸಿದ್ದು ನೀವು, ತರಬೇತಿ ಆದವರೂ ನೀವು."

ವಿಂಗಡಣೆ ಮೇಜಿನಲ್ಲಿದ್ದವನು ಪೀಠಿಕೆಯವರ ಹೆಂಡತಿಯ ತಮ್ಮ. ಅವನಿಗೆ ಅಲ್ಲಿ ಅಂದಾಜು ಎಂದು ಹೆಸರು. ಒಗೆದು ಮಡಿಸಿದ ಬಟ್ಟೆಯ ಗಂಟುಗಳಿಗೆ ಬಣ್ಣದ ಪಟ್ಟಿ ಕಟ್ಟಿರುತ್ತಾರೆ. ಹಳದಿಯಾದರೆ ಹೋಟೆಲಿಗೆ, ನೀಲಿಯಾದರೆ ಆಸ್ಪತ್ರೆಗೆ. ಪಟ್ಟಿ ನೋಡಿ ಗಾಡಿಗೆ ಹಾಕುವುದಷ್ಟೇ ಕೆಲಸ. ಅಂದಾಜುವಿಗೆ ಮಾತ್ರ ಪಟ್ಟಿ ನೋಡುವುದೆಂದರೆ ಅವಮಾನ. ಅವನು ಗಂಟನ್ನು ಒಂದು ಕೈಯಲ್ಲಿ ಎತ್ತಿ, ಕಣ್ಣು ಅರೆಮುಚ್ಚಿ, ತೂಕದ ಮೇಲೇ "ಆಸ್ಪತ್ರೆ" ಎಂದು ಎಸೆಯುತ್ತಿದ್ದ. ಹೋಟೆಲಿನವರು ದಪ್ಪ ಮೇಜುಹಾಸು ತರಿಸಿದ ಮೇಲೆ ಎರಡರ ತೂಕವೂ ಒಂದೇ ಆಗಿತ್ತು; ಕೈಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ. ಹಿಂದೆ ದರ್ಜಿ ಅಂಗಡಿಯಲ್ಲಿ ಟೇಪಿಲ್ಲದೆ ಬಟ್ಟೆ ಕತ್ತರಿಸಿ, ಬಣ್ಣದ ಅಂಗಡಿಯಲ್ಲಿ ಅಳತೆಯಿಲ್ಲದೆ ಬಣ್ಣ ಬೆರೆಸಿ ಅವನು ಎರಡೂ ಕಡೆ ಕೆಲಸ ಕಳೆದುಕೊಂಡಿದ್ದ. ಆಗೆಲ್ಲ ತಾಯಿಯನ್ನು ಕರೆದುಕೊಂಡು ಅಕ್ಕನ ಮನೆಗೆ ಬಂದು, ಮುಂದಿನ ಕೋಣೆಯ ಸೋಫಾದ ಮೇಲೆ ಮಲಗಿಬಿಡುತ್ತಿದ್ದ. ಇದೊಂದು ಕೆಲಸ ಹೋದರೆ ಮತ್ತೆ ಅದೇ ಸೋಫಾ. ಈ ವಯಸ್ಸಿನಲ್ಲಿ ನಾಲ್ಕನೆಯ ಬಾಗಿಲು ಯಾರೂ ತೆರೆಯುವುದಿಲ್ಲ ಎಂಬುದು ಮನೆಯವರೆಲ್ಲರಿಗೂ ಗೊತ್ತಿತ್ತು.

ಪೀಠಿಕೆಯವರು ಅವನನ್ನು ಟ್ರಾಲಿಗಳ ಹಿಂದಕ್ಕೆ ಕರೆದೊಯ್ದು ಮೇಲಿನ ಮಡಿಕೆಯನ್ನು ಬಿಡಿಸಿದರು.

"ನಿನ್ನ ಕೈ ಇದೆಯಲ್ಲಪ್ಪಾ, ಅಂಥ ಕೈ ಈ ಲಾಂಡ್ರೀಲಿ ಇನ್ನೊಂದಿಲ್ಲ. ತಕ್ಕಡಿ ಬೇಡ, ಕನ್ನಡಕ ಬೇಡ."

ಕೆಲಸ ಕೆಡಿಸುತ್ತಿದ್ದದ್ದು ಆ ಕೈಯೇ ಎಂಬುದು ಅವರಿಗೆ ಹೊಳೆಯಲಿಲ್ಲ. ಅಂದಾಜು ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡ. ಅವನನ್ನು ಯಾರಾದರೂ ಹೊಗಳಿ ಎಷ್ಟೋ ಕಾಲವಾಗಿತ್ತು.

"ಮೇಡಂ ಒಂದು ಮಾತು ಹೇಳಿದ್ರು. ಈಚೆಗೆ ಗಂಟುಗಳು ಅದಲುಬದಲಾಗ್ತಿವೆ. ಇನ್ನೊಂದು ಸಲ ಹಾಗಾದ್ರೆ, ಅದಕ್ಕೆ ಕಾರಣರಾದವರು ಕೆಲಸ ಬಿಡಬೇಕಾಗುತ್ತೆ."

"ಸರಿಯಾಗೇ ಹೇಳಿದ್ದಾರೆ ಭಾವ. ಅಂಥೋರನ್ನ ಇಟ್ಕೋಬಾರದು. ಯಾರದು?"

ಪೀಠಿಕೆಯವರ ನಾಲಗೆಯ ತುದಿಗೆ ಉತ್ತರ ಬಂದಿತ್ತು. ಆದರೆ ಬೆರಳು ತೋರಿಸಬಾರದೆಂಬ ಸೂತ್ರ ಅದನ್ನು ಅಲ್ಲೇ ತಡೆಯಿತು.

"ಯಾರು ಅನ್ನೋದು ಮುಖ್ಯ ಅಲ್ಲ. ತಪ್ಪು ಮುಖ್ಯ."

"ನನಗೆ ಗೊತ್ತು ಬಿಡಿ. ಆ ಗಾಡಿ ಡ್ರೈವರು."

ಇನ್ನು ಕೆಳಗಿನ ಮಡಿಕೆ ಬೇಗ ಮುಚ್ಚಬೇಕೆನ್ನಿಸಿ ಪೀಠಿಕೆಯವರು ಸ್ವಲ್ಪ ಧಾರಾಳವಾದರು. "ಏನೇ ಆಗ್ಲಿ, ಈ ವಿಭಾಗ ನಿಂತಿರೋದೇ ನಿನ್ನಿಂದ. ಮುಂದೆ ಇದನ್ನೆಲ್ಲ ನೋಡ್ಕೊಂಡು ಹೋಗೋನು ನೀನೇ. ಈಗ ನಾನು ಹೇಳಿದ್ದನ್ನ ಒಂದ್ಸಲ ನಿನ್ನ ಬಾಯಲ್ಲಿ ಹೇಳು."

ಅಂದಾಜು ಸ್ಪಷ್ಟವಾಗಿ ಒಪ್ಪಿಸಿದ. "ನನ್ನಂಥ ಕೈ ಇನ್ನೊಂದಿಲ್ಲ. ಅದಲುಬದಲು ಮಾಡೋರನ್ನ ಮನೆಗೆ ಕಳಿಸಬೇಕು. ಈ ವಿಭಾಗ ಇನ್ಮೇಲೆ ನಾನು ನೋಡ್ಕೋಬೇಕು."

"ಒಂದೂ ಬಿಟ್ಟಿಲ್ಲ" ಎಂದರು ಪೀಠಿಕೆಯವರು, ತುಂಬು ಸಂತೋಷದಿಂದ.

ಆ ಸಂತೋಷ ಸಂಜೆಯವರೆಗೆ ಬಾಳಿತು. ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಎದುರುಮನೆಯ ನಿವೃತ್ತ ರೈಲ್ವೆ ಗಾರ್ಡು ಗೇಟಿನಿಂದಲೇ ಕೈ ಎತ್ತಿದರು.

"ಅಭಿನಂದನೆ. ನಿಮ್ಮ ಭಾವಮೈದ ವಿಭಾಗದ ಮುಖ್ಯಸ್ಥ ಆದ್ನಂತೆ."

ಪೀಠಿಕೆಯವರು ಅಂಗಳದಲ್ಲೇ ನಿಂತರು. ಇದನ್ನು ತಿದ್ದಬೇಕು, ಹಾಗೆಂದು ಹಿರಿಯರ ಮನಸ್ಸು ನೋಯಿಸಬಾರದು. "ನಿಮ್ಮಂಥ ಹಿತೈಷಿಗಳು ಎದುರುಮನೇಲಿರೋದು ನಮ್ಮ ಭಾಗ್ಯ. ಆದ್ರೆ ಆ ಸುದ್ದಿ ಅಷ್ಟು ನಿಖರ ಅಲ್ಲ. ನಿಮ್ಮ ಬಾಯಿಂದ ಕೇಳಿದ್ದು ಮಾತ್ರ ಬಹಳ ಸಂತೋಷ."

"ಅಷ್ಟೊಂದು ವಿನಯ ಬೇಡ" ಎಂದು ಗಾರ್ಡು ಅವರ ಬೆನ್ನು ತಟ್ಟಿ, ಪಕ್ಕದ ಮನೆಗೂ ಸುದ್ದಿ ಮುಟ್ಟಿಸಲು ಹೊರಟರು. ಗಾಡಿ ಬಿಡುವ ಅಭ್ಯಾಸವಿದ್ದವರು. ಒಮ್ಮೆ ಹೊರಟರೆ ನಿಲ್ಲುವವರಲ್ಲ.

ಒಳಗೆ ಅತ್ತೆ ಒಂದು ಬುಟ್ಟಿ ಹಣ್ಣಿನೊಂದಿಗೆ ಸೋಫಾದ ನಡುವೆ ಕೂತಿದ್ದರು.

"ಅಳಿಯಂದಿರೇ, ಮೂರ್ಹೊತ್ತೂ ನಿಮ್ಮನ್ನ ಬೈದ್ಕೊಂಡಿದ್ದೆ. ಮಾತಾಡಕ್ಕೆ ಬಿಟ್ರೆ ಈ ಮನುಷ್ಯ ಯಾತಕ್ಕೂ ಆಗಲ್ಲ ಅಂತಿದ್ದೆ. ಎಲ್ಲ ವಾಪಸ್ ತಗೊಂಡೆ. ನನ್ನ ಮಗನಿಗೆ ದಾರಿ ಮಾಡಿಕೊಟ್ರಿ."

ಇದು ಸ್ವತಃ ಒಂದು ಮೂರು ಮಡಿಕೆಯ ಮಾತೆಂದು ಪೀಠಿಕೆಯವರಿಗೆ ಅನ್ನಿಸಿತು. ಮಡಿಕೆಗಳು ತಿರುವುಮುರುವಾಗಿದ್ದವು, ಅಷ್ಟೇ. ಹೆಂಡತಿಯ ಮುಖ ನೋಡಿದರು. ತಮ್ಮನ ಬಗ್ಗೆ ಒಳ್ಳೆಯ ಸುದ್ದಿ ಕೇಳಿ ಅಭ್ಯಾಸವಿಲ್ಲದ ಆ ಮುಖ ಅರಳಿತ್ತು. ಪೀಠಿಕೆಯವರು ಒಂದು ಹಣ್ಣು ಸುಲಿದು ಬಾಯಿಗೆ ಹಾಕಿಕೊಂಡರು. ಬಾಯಿ ತುಂಬಿರುವಾಗ ಮಾತಾಡಬಾರದೆಂಬುದು ಎಲ್ಲ ಶಿಬಿರಗಳಿಗಿಂತ ಹಳೆಯ ಸೂತ್ರ.

ಮಾರನೆಯ ದಿನದಿಂದ ಅಂದಾಜು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಬಂದ. ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. ನಿಜ ಹೇಳಬೇಕೆಂದರೆ ಇದರಿಂದ ಗಂಟುಗಳಿಗೆ ಲಾಭವೇ ಆಗಬೇಕಿತ್ತು. ಆದರೆ ಮನಸ್ಸು ಬಂದಾಗೆಲ್ಲ ಅವನು ಒಂದು ಕೈ ಬಿಡಿಸಿ, ಡ್ರೈವರು ಹೊತ್ತೊಯ್ಯುತ್ತಿದ್ದ ಗಂಟನ್ನು ಕಿತ್ತುಕೊಂಡು, ಎತ್ತಿ ನೋಡಿ, "ಇದು ಆ ಗಾಡಿಗೆ" ಎನ್ನುತ್ತಿದ್ದ. ಪಟ್ಟಿ ಹಳದಿಯಾಗಿದೆ ಎಂದು ಡ್ರೈವರು ತೋರಿಸಿದರೆ, "ಪಟ್ಟಿ ಕಟ್ಟೋರೂ ಮನುಷ್ಯರೇ. ನನ್ನ ಕೈಯಂಥದ್ದು ಇನ್ನೊಂದಿಲ್ಲ ಅಂತ ಮೇಲಿನವರೇ ಹೇಳಿದ್ದಾರೆ" ಎನ್ನುತ್ತಿದ್ದ.

ಡ್ರೈವರು ಪೀಠಿಕೆಯವರ ಬಳಿ ಬಂದ.

"ಸಾರ್, ಮೂರು ದಿನದಿಂದ ಅವರು ಬೇರೆ ಗಾಡಿಗೆ ಹಾಕಿಸಿದ ಗಂಟುಗಳನ್ನೆಲ್ಲ ದಾರೀಲಿ ನಿಲ್ಲಿಸಿ ನಾವು ಎರಡೂ ಗಾಡಿಯೋರೇ ಬದಲಾಯಿಸ್ಕೊಳ್ತಿದ್ದೀವಿ. ಮೇಲೆ ನನ್ನನ್ನೇ ಮನೆಗೆ ಕಳಿಸ್ತೀನಿ ಅಂತಾರೆ. ನಾಳೆಯಿಂದ ನಾನು ಏನೂ ಮುಟ್ಟಲ್ಲ. ಅವರು ಹಾಕ್ಸಿದ್ದು ಹಾಕ್ಸಿದ ಕಡೆಗೆ ಹೋಗುತ್ತೆ."

ಗುರುವಾರ ಸಂಜೆ ಪೀಠಿಕೆಯವರು ಹೊಲಿಗೆಯಂತ್ರದ ಪಕ್ಕದ ಮಣೆಯ ಮೇಲೆ ಕೂತು, ಅಂದಾಜುವಿನ ಬಾಲ್ಯದಿಂದ ಆರಂಭಿಸಿ ಹೆಂಡತಿಗೆ ಎಲ್ಲವನ್ನೂ ಹೇಳಿದರು. ಅವರು ಒಂದು ಪ್ಯಾಂಟು ಮುಗಿಸಿ ಇನ್ನೊಂದಕ್ಕೆ ಕೈಹಾಕುವವರೆಗೂ ಕೇಳಿಸಿಕೊಂಡರು.

"ಅಂದ್ರೆ, ಇನ್ನೊಂದು ಸಲ ತಪ್ಪಾದ್ರೆ ಅವನ ಕೆಲಸ ಹೋಗುತ್ತೆ."

"ಒಳಮಡಿಕೆ ಅದೇ."

"ಅವನಿಗೆ ಇದು ಗೊತ್ತಾ?"

"ಹೇಳಿದ್ದೀನಿ."

"ಹೇಳಿದ್ದೀರಾ ಅಂತ ಕೇಳಲಿಲ್ಲ. ಗೊತ್ತಾ ಅಂತ ಕೇಳಿದೆ."

ಪೀಠಿಕೆಯವರು ಗೋಡೆಯ ಮೇಲಿನ ಪ್ರಮಾಣಪತ್ರದತ್ತ ನೋಡಿದರು. ಅಲ್ಲಿಂದ ಯಾವ ಸಹಾಯವೂ ಬರಲಿಲ್ಲ.

"ನಾನೇ ಹೇಳ್ಲಾ?"

"ಬೇಡ. ಕೆಲಸದ ವಿಷಯ, ನಾನೇ ಹೇಳಬೇಕು. ಬೆಳಗ್ಗೆ ಗಾಡಿ ಹೊರಡೋ ಮುಂಚೆ ಹೇಳ್ತೀನಿ."

"ಹೇಳಿ. ಪೀಠಿಕೆ ಬೇಡ" ಎಂದರು ಹೆಂಡತಿ. ಆ ಪದವನ್ನು ಅವರ ಬಾಯಿಂದ ಕೇಳಿದ್ದು ಅದೇ ಮೊದಲು. ಲಾಂಡ್ರಿಯ ಹೆಸರು ಮನೆಯವರೆಗೂ ಬಂದಿದೆಯೆಂದು ಅಂದು ಗೊತ್ತಾಯಿತು.

ಶುಕ್ರವಾರ ಬೆಳಗ್ಗೆ ದಾರಿಯುದ್ದಕ್ಕೂ ಅವರು ವಾಕ್ಯವನ್ನು ಕತ್ತರಿಸುತ್ತ ಬಂದರು. ಅಂದಾಜುವಿನ ಕೈಯ ವರ್ಣನೆಯನ್ನು ಬಸ್ಸಿನಲ್ಲಿ ತೆಗೆದುಹಾಕಿದರು. ಅತ್ತೆಯವರ ಪ್ರಸ್ತಾಪವನ್ನು ಬಸ್ ನಿಲ್ದಾಣದಲ್ಲಿ ಬಿಟ್ಟರು. ಲಾಂಡ್ರಿಯ ಗೇಟು ತಲುಪಿದಾಗ "ಅಂದಹಾಗೆ" ಒಂದೇ ಉಳಿದಿತ್ತು. ಅದನ್ನು ಬಿಡಲು ಮನಸ್ಸು ಬರಲಿಲ್ಲ.

ಒಳಗೆ ಹೋದರೆ, ಗಾಡಿಗಳ ಮುಂದೆ ಮೇಡಂ ನಿಂತಿದ್ದಾರೆ. ಅವರ ಪಕ್ಕದಲ್ಲಿ, ತಿಳಿಸದೆ ಬಂದ ಆಸ್ಪತ್ರೆಯ ಉಗ್ರಾಣಾಧಿಕಾರಿ. ಇಬ್ಬರ ಮುಂದೆ ಅಂದಾಜು, ಗಾಡಿಗೆ ಬೆನ್ನು ಮಾಡಿ ಭಾಷಣ ಮಾಡುತ್ತಿದ್ದಾನೆ.

"ಸಾರ್, ತಪ್ಪು ಮಾಡೋರು ಇಲ್ಲಿ ಇದ್ದಾರೆ, ನಾನು ಇಲ್ಲ ಅನ್ನಲ್ಲ. ಆದ್ರೆ ಅವರನ್ನ ಮನೆಗೆ ಕಳಿಸೋ ಏರ್ಪಾಡು ನಡೀತಿದೆ."

"ಯಾರು ನಡೆಸ್ತಿರೋದು?" ಎಂದರು ಅಧಿಕಾರಿ.

"ನಾನೇ."

ಮೇಡಂ ಹುಬ್ಬು ಮೇಲಕ್ಕೆ ಹೋಯಿತು. ಅಂದಾಜು ಹಿಂದೆ ನೋಡದೆ ಕೈ ಚಾಚಿ ಟ್ರಾಲಿಯಿಂದ ಒಂದು ಗಂಟು ಎತ್ತಿದ. ಕಣ್ಣು ಅರೆಮುಚ್ಚಿದ. "ಆಸ್ಪತ್ರೆ" ಎಂದು ಆಸ್ಪತ್ರೆಯ ಗಾಡಿಗೆ ಎಸೆದ. ಪಟ್ಟಿ ಹಳದಿ. ಗಾಡಿಯ ಬಾಗಿಲಲ್ಲಿ ಡ್ರೈವರು ಕೈಕಟ್ಟಿ ನಿಂತು, ಆಕಾಶ ನೋಡುತ್ತಿದ್ದ.

ಪೀಠಿಕೆಯವರು ಓಡಿಬಂದರು. "ಅಂದಹಾಗೆ" ಬಾಯಿಗೆ ಬಂದೇಬಿಟ್ಟಿತು. "ಅಂ" ಎನ್ನುವಷ್ಟರಲ್ಲಿ ಎರಡನೆಯ ಹಳದಿ ಗಂಟು ಗಾಳಿಯಲ್ಲಿತ್ತು. ಅದರೊಳಗಿನ ಮೇಜುಹಾಸು, ಅದಕ್ಕೆ ತೋಳು ಚಾಚುವ ಡಾಕ್ಟರು, ಸೋಫಾ, ಸೋಫಾದ ಮೇಲಿನ ಅಂದಾಜು, ಎಲ್ಲವೂ ಅವರಿಗೆ ಒಟ್ಟಿಗೇ ಕಂಡವು.

"ಆ ಗಂಟು ಇಳಿಸೋ. ಇನ್ನೊಂದು ಸಲ ತಪ್ಪಿದ್ರೆ ಕೆಲಸ ಹೋಗೋದು ನಿನ್ನದು."

ಇಸ್ತ್ರಿ ವಿಭಾಗದಲ್ಲಿ ಆವಿಯಂತ್ರಗಳು ಒಂದೊಂದಾಗಿ ನಿಂತವು. ಪೀಠಿಕೆಯವರು ಒಂದೇ ಉಸಿರಿನಲ್ಲಿ ಮಾತು ಮುಗಿಸಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಮುಂದೆ ಇನ್ನೂ ಏನೋ ಇದೆಯೆಂದು ಎಲ್ಲರೂ ಸ್ವಲ್ಪ ಹೊತ್ತು ಕಾದರು. ಏನೂ ಇರಲಿಲ್ಲ.

"ನನ್ನದಾ?" ಎಂದ ಅಂದಾಜು.

"ನಿನ್ನದೇ."

"ಮತ್ತೆ ಸೋಮವಾರ ಯಾಕೆ ಹೇಳಲಿಲ್ಲ ಭಾವ?"

"ಹೇಳಿದೆ. ನಡುವೆ ಇತ್ತು."

ಅಂದಾಜು ತನ್ನ ಕೈಯನ್ನು ಮತ್ತೊಮ್ಮೆ ತಿರುಗಿಸಿ ನೋಡಿಕೊಂಡ. ಜೇಬಿನ ಪೆನ್ನು ತೆಗೆದು ಡ್ರೈವರಿಗೆ ಕೊಟ್ಟ. ಗಾಡಿ ಹತ್ತಿ ಗಂಟುಗಳನ್ನೆಲ್ಲ ಕೆಳಗಿಳಿಸಿ, ಒಂದೊಂದರ ಪಟ್ಟಿಯನ್ನೂ ಮೂಗಿನ ಹತ್ತಿರ ಹಿಡಿದು ನೋಡಿ, ಮತ್ತೆ ಹಾಕತೊಡಗಿದ. ಡ್ರೈವರು ಕಟ್ಟಿದ ಕೈ ಬಿಡಿಸಿ ಜೊತೆಗೂಡಿದ.

ಅಧಿಕಾರಿ ಮೇಡಂ ಕಡೆ ತಿರುಗಿ, "ಒಪ್ಪಂದ ಮುರಿಯೋಣ ಅಂತಲೇ ಬಂದಿದ್ದೆ. ಇಷ್ಟು ನೇರವಾಗಿ ಮಾತಾಡೋರು ಈ ಗಾಡಿಗಳ ಹತ್ತಿರ ಒಬ್ಬರಿದ್ರೆ ನಮಗೆ ತೊಂದರೆಯಿಲ್ಲ" ಎಂದು ಹೋದರು.

ಆ ಸಂಜೆ ಅತ್ತೆಗೂ ಗಾರ್ಡಿಗೂ ಹೆಂಡತಿಯೇ ಸುದ್ದಿ ಮುಟ್ಟಿಸಿದರು. "ಬಡ್ತಿ ಇಲ್ಲ, ಕೆಲಸ ಇದೆ." ಎರಡು ಮನೆಗೂ ಅಷ್ಟೇ ಮಾತು ಸಾಕಾಯಿತು. ಅತ್ತೆ ವಾಪಸ್ ತೆಗೆದುಕೊಂಡಿದ್ದ ಬೈಗುಳಗಳನ್ನು ಮತ್ತೆ ಅಳಿಯಂದಿರಿಗೇ ಕೊಟ್ಟು, ಉಳಿದ ಹಣ್ಣುಗಳನ್ನು ಒಯ್ದರು.

ಶನಿವಾರ ಮೇಡಂ ಪೀಠಿಕೆಯವರನ್ನು ಕೋಣೆಗೆ ಕರೆದರು. ಅಲ್ಲಿಂದ ಪೀಠಿಕೆಯವರು ಮನೆಗೆ ಬಂದದ್ದು ತೇಲುತ್ತ.

"ಏನು ಮಾತು, ಏನು ಮಾತು. ನಿಮ್ಮಂಥ ಅನುಭವಿಗಳು ನಮ್ಮ ಪುಣ್ಯ ಅಂದ್ರು. ನಿನ್ನೆ ನೀವು ಲಾಂಡ್ರಿಯ ಮಾನ ಉಳಿಸಿದ್ರಿ ಅಂದ್ರು. ಹೊರಡೋವಾಗ, ನಿಮ್ಮ ಮನೆಯವರಿಗೂ ನನ್ನ ಮೆಚ್ಚುಗೆ ತಿಳಿಸಿ ಅಂದ್ರು. ಅವರೂ ಆ ಶಿಬಿರಕ್ಕೆ ಹೋಗಿಬಂದಿದ್ದಾರೆ ಕಣೇ, ಕುರ್ಚಿ ಹಿಂದೆ ಪ್ರಮಾಣಪತ್ರ ಹಾಕಿದ್ದಾರೆ. ಕಟ್ಟು ಕೂಡ ನಮ್ಮದೇ ಥರ."

ಹೊಲಿಗೆಯಂತ್ರ ನಿಂತಿತು.

"ನಡುವೆ ಏನಂದ್ರು?"

"ನಡುವೆ?"

"ಮೊದಲು ಹೊಗಳಿದ್ರು. ಕೊನೇಲಿ ಹೊಗಳಿದ್ರು. ನಡುವೆ ಏನಂದ್ರು?"

ಪೀಠಿಕೆಯವರು ಯೋಚಿಸಿದರು. "ಏನೋ ವಿಂಗಡಣೆ ಮೇಜಿನ ವಿಷಯ. ಸೋಮವಾರದಿಂದ ಅಲ್ಲಿ ಅನುಭವ ಇರೋರು ಒಬ್ಬರು ಕೂತ್ಕೋಬೇಕು, ಮೇಲ್ವಿಚಾರಣೆ ಬೇರೆಯವರು ನೋಡ್ಕೊಳ್ತಾರೆ ಅಂದ್ರು. ಬಹಳ ಒಳ್ಳೇ ಯೋಚನೆ ಅಂದೆ."

"ಯಾರು ಕೂತ್ಕೋಬೇಕಂತೆ?"

"ಹೆಸರು ಹೇಳಲಿಲ್ಲ. ಬೆರಳು ತೋರಿಸಬಾರದಲ್ಲ, ಸೂತ್ರ ಅದು. ನಾನು ಹೇಳಿದ್ದನ್ನ ನಿಮ್ಮ ಬಾಯಲ್ಲಿ ಹೇಳಿ ಅಂದ್ರು, ಹೇಳಿದೆ. ಒಂದೂ ಬಿಟ್ಟಿಲ್ಲ ಅಂದ್ರು."

ಹೇಳುತ್ತ ಹೇಳುತ್ತ ಅವರ ದನಿ ನಿಧಾನವಾಯಿತು. ಹೆಂಡತಿ ಎದ್ದು ಪ್ರಮಾಣಪತ್ರವನ್ನು ಮೊಳೆಯಿಂದ ತೆಗೆದರು. ಕಪಾಟಿನ ಮೇಲಿನ ಮದುವೆಯ ಫೋಟೋವನ್ನು ಸೆರಗಿನಲ್ಲಿ ಒರೆಸಿ ಅದರ ಜಾಗಕ್ಕೆ ಹಾಕಿದರು. ಫೋಟೋದಲ್ಲಿ ಪೀಠಿಕೆಯವರ ಬಾಯಿ ಅರ್ಧ ತೆರೆದಿತ್ತು. ಛಾಯಾಗ್ರಾಹಕನಿಗೆ ಏನೋ ಹೇಳಲು ಆಗತಾನೇ ಆರಂಭಿಸಿದ್ದರು.

ಸೋಮವಾರ ವಿಂಗಡಣೆ ಮೇಜಿನ ಬಳಿ ಎರಡು ಸ್ಟೂಲುಗಳಿದ್ದವು. ಅಂದಾಜು ಒಂದನ್ನು ಸರಿಸಿಕೊಟ್ಟ.

"ಬನ್ನಿ ಭಾವ. ಹಳದಿ ಹೋಟೆಲು, ನೀಲಿ ಆಸ್ಪತ್ರೆ. ಅಷ್ಟೇ."

ಪೀಠಿಕೆಯವರು ಕೂತು, ಅಂಗಿಯ ತೋಳು ಮಡಿಸಿದರು. "ಈ ಪಟ್ಟಿ ಕಟ್ಟೋ ಪದ್ಧತಿ ಇದೆಯಲ್ಲ, ಇದು ಮೊದಲು ಹೇಗೆ ಶುರುವಾಯ್ತು ಅಂದ್ರೆ, ಆಗ ಮೇಡಂ ತಂದೆಯವರು..."

ಒಂದು ಗಂಟು ಅವರ ಮಡಿಲಿಗೆ ಬಂದು ಬಿತ್ತು. ಮುಂದೆ ಗಾಡಿ ಗುರುಗುಡುತ್ತ ನಿಂತಿತ್ತು. ಅಂದಾಜು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕಾಯುತ್ತಿದ್ದ.

ಪೀಠಿಕೆಯವರು ಪಟ್ಟಿ ನೋಡಿದರು.

"ನೀಲಿ" ಎಂದರು.